ಜೋಳದ ಎಲೆಯಲ್ಲಿ ಕಬ್ಬಿನ ಗುಟ್ಟು

ಬಾಗಲಕೋಟೆ ಸೀಮೆಯ ಹುನಗುಂದ, ಬಾದಾಮಿಗಳ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತಿದ ಮೇಲೆ ಸುಗ್ಗಿಯವರೆಗೆ ಮಳೆಯ ಭರವಸೆ ಕಡಿಮೆ. ನೆಲ ಹಿಡಿದಿಟ್ಟ ತೇವದಲ್ಲಿಯೇ ಪೈರು ಬೆಳೆದು ಮನೆಗೆ ರೊಟ್ಟಿಯನ್ನೂ ದನಗಳಿಗೆ ಕಣಿಕೆಯನ್ನೂ ಕೊಡಬೇಕು. ಇದು ಹೇಗೆ ಸಾಧ್ಯ? ಬೇರು ಆಳಕ್ಕಿಳಿಯುತ್ತದೆ, ಎಲೆಗೆ ಮೇಣದ ಹೊದಿಕೆಯಿದೆ. ಇನ್ನೊಂದು ಮುಖ್ಯ ಕಾರಣ ತಿಳಿದದ್ದು ಮಾತ್ರ ಆಸ್ಟ್ರೇಲಿಯಾದ ಸಕ್ಕರೆ ಕಂಪನಿಯೊಂದರ ಪ್ರಯೋಗಾಲಯದಲ್ಲಿ.

ಬೆಳಕಿನ ಬಲದಿಂದ ಗಾಳಿಯ ಇಂಗಾಲದ ಡೈ ಆಕ್ಸೈಡನ್ನು ಸಕ್ಕರೆಯಾಗಿಸುವ ಕ್ರಿಯೆಯೇ ದ್ಯುತಿಸಂಶ್ಲೇಷಣೆ. ಇದರಲ್ಲಿ ಮೊದಲು ಮೂರು ಇಂಗಾಲದ ಸಂಯುಕ್ತ ಉಂಟಾಗುತ್ತದೆಂದು ತೋರಿಸಿಕೊಟ್ಟ ಅಮೆರಿಕದ ಮೆಲ್ವಿನ್ ಕ್ಯಾಲ್ವಿನ್ 1961ರಲ್ಲಿ ನೊಬೆಲ್ ಪಡೆದರು. ಎಲ್ಲ ಹಸಿರು ಗಿಡಗಳ ದಾರಿಯೂ ಇದೇ ಎಂದು ನಂಬಲಾಗಿತ್ತು. ಆದರೆ ಕಬ್ಬು ಈ ನಿಯಮಕ್ಕೆ ಒಗ್ಗುವುದಿಲ್ಲವೆಂದು ಹವಾಯಿಯ ಕೊರ್ಟ್‌ಶಾಕ್ ಮತ್ತು ಸಂಗಡಿಗರು 1965ರಲ್ಲಿ ಪ್ರಕಟಿಸಿದರು.

ಬ್ರಿಸ್ಬೇನ್‌ನಲ್ಲಿದ್ದ ಜೀವರಸಾಯನ ವಿಜ್ಞಾನಿ ಹಾಲ್ ಹ್ಯಾಚ್, ಸಹೋದ್ಯೋಗಿ ರೋಜರ್ ಸ್ಲ್ಯಾಕ್ ಜೊತೆಗೂಡಿ ಇದರ ಬೆನ್ನು ಹತ್ತಿದರು. ವಿಕಿರಣಶೀಲ ಇಂಗಾಲವನ್ನು ಕಬ್ಬಿನ ಎಲೆಗೆ ಕೆಲವೇ ಕ್ಷಣ ಉಣಿಸಿ, ಅದು ಎಲ್ಲಿ ಸೇರಿತೆಂದು ಹುಡುಕಿದರು. ಮೊದಲು ಸಿಕ್ಕದ್ದು ನಾಲ್ಕು ಇಂಗಾಲದ ಆಮ್ಲಗಳು. 1966ರಲ್ಲಿ ಅವರು ವಿವರಿಸಿದ ಈ ದಾರಿಗೆ ಮುಂದೆ 'ಸಿ-4' ಎಂಬ ಹೆಸರಾಯಿತು. ಜೋಳ, ಸಜ್ಜೆ, ಮೆಕ್ಕೆಜೋಳಗಳದೂ ಇದೇ ದಾರಿ. ಇಳಕಲ್ ಸೀರೆಯ ನೂಲಿಗೆ ಬೇಕಾದ ಹತ್ತಿ, ಹಾಗೆಯೇ ಕಡಲೆ, ಗೋಧಿ ಕ್ಯಾಲ್ವಿನ್ನರ ಹಳೆಯ ದಾರಿಯವು.

ಹಳೆಯ ದಾರಿಯಲ್ಲೊಂದು ತೊಡಕಿದೆ. ಇಂಗಾಲವನ್ನು ಹಿಡಿಯುವ ರುಬಿಸ್ಕೊ ಎಂಬ ಕಿಣ್ವ ಬಿಸಿಲೇರಿದಂತೆ ಆಮ್ಲಜನಕವನ್ನೂ ಹಿಡಿಯುತ್ತದೆ, ಶ್ರಮ ವ್ಯರ್ಥವಾಗುತ್ತದೆ. ಜೋಳದ ಎಲೆಯ ಹೊರ ಕೋಶಗಳಲ್ಲಿ ಆಮ್ಲಜನಕಕ್ಕೆ ಮರುಳಾಗದ ಬೇರೊಂದು ಕಿಣ್ವವಿದೆ. ಅದು ಹಿಡಿದ ಇಂಗಾಲ ಆಮ್ಲದ ರೂಪದಲ್ಲಿ ನರಗಳ ಸುತ್ತ ಮಾಲೆಯಂತಿರುವ ಒಳ ಕೋಶಗಳಿಗೆ ಸಾಗಿ ಅಲ್ಲಿ ಬಿಡುಗಡೆಯಾಗುತ್ತದೆ. ರುಬಿಸ್ಕೊಗೆ ಅಲ್ಲಿ ಇಂಗಾಲದ ಕೊರತೆಯಿಲ್ಲ. ಆದ್ದರಿಂದ ಎಲೆಯ ರಂಧ್ರಗಳು ಕಿರಿದಾಗಿ ತೆರೆದರೂ ಸಾಕು. ಆವಿಯಾಗುವ ನೀರು ಉಳಿಯುತ್ತದೆ.

1970ರಿಂದ ಕ್ಯಾನ್‌ಬೆರಾದಲ್ಲಿ ಸಂಶೋಧನೆ ಮುಂದುವರಿಸಿದ ಹ್ಯಾಚ್‌ರಿಗೆ 1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಜೀವವಿಜ್ಞಾನ ಪ್ರಶಸ್ತಿ ಬಂತು. ಈ ಯಂತ್ರವನ್ನು ಭತ್ತಕ್ಕೆ ಜೋಡಿಸಲು ವಿಜ್ಞಾನಿಗಳು ಇಂದಿಗೂ ಹೆಣಗುತ್ತಿದ್ದಾರೆ.

ಕಾಲುವೆ ನೀರು ಬಂದ ಕಡೆ ಕಬ್ಬು ಏರಿ ಜೋಳ ಹಿಂದೆ ಸರಿಯುವುದು ಸಹಜ. ಎಲೆಯೊಳಗಿನ ಗುಟ್ಟು ಎರಡಕ್ಕೂ ಒಂದೇ. ಆದರೆ ಕಬ್ಬಿಗೆ ವರ್ಷವಿಡೀ ನೀರು ಬೇಕು. ಹಿಂಗಾರಿ ಜೋಳ ನಾಲ್ಕು ತಿಂಗಳಲ್ಲಿ, ಎರೆಯ ತೇವದಲ್ಲಿಯೇ ತೆನೆ ತುಂಬುತ್ತದೆ. ಬರದ ವರ್ಷ ಬಂದಾಗ ಈ ವ್ಯತ್ಯಾಸವೇ ಮನೆಯ ರೊಟ್ಟಿಯನ್ನು ಕಾಯುತ್ತದೆ.