ಹೈಡ್ ಪಾರ್ಕಿನಲ್ಲಿ ಡಬ್ಬಿಯ ಬೇಟೆ

ಸಿಡ್ನಿಯ ಮ್ಯೂಸಿಯಂ ಸ್ಟೇಷನ್ನಿನ ಮೆಟ್ಟಿಲು ಹತ್ತಿ ಬಂದರೆ ಎದುರಿಗೇ ಹೈಡ್ ಪಾರ್ಕಿನ ದಕ್ಷಿಣ ಭಾಗ. ಗವರ್ನರ್ ಮ್ಯಾಕ್ವಾರಿ 1810ರಲ್ಲಿ ಹೆಸರಿಟ್ಟು ಊರವರಿಗೆ ಬಿಟ್ಟ ಬಯಲು ಇದು. ಆಗ ಇಲ್ಲಿ ಕುದುರೆ ಓಡಿದವು, ಕ್ರಿಕೆಟ್ ನಡೆಯಿತು. ಈಗ ನಡುದಾರಿಯ ಎರಡೂ ಬದಿಗೆ ಅತ್ತಿಯ ಜಾತಿಯ ಭಾರಿ ಮರಗಳು, ಅವುಗಳಡಿ ಬುತ್ತಿ ಬಿಚ್ಚಿ ಕೂತ ಆಫೀಸಿನವರು, ಅವರ ಕೈಯಿಂದ ಚೂರು ಬೀಳುವುದನ್ನೇ ಕಾಯುವ ಉದ್ದ ಕೊಕ್ಕಿನ ಐಬಿಸ್ ಹಕ್ಕಿಗಳು.

ನಾನು ಬಂದದ್ದು ಜಿಯೋಕ್ಯಾಶಿಂಗ್‌ಗೆ. ಒಬ್ಬರು ಎಲ್ಲೋ ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ, ರೇಖಾಂಶ ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕುತ್ತಾರೆ. ನಾಗರಿಕರ ಜಿಪಿಎಸ್‌ನಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಉಲ್ಮರ್ ಎಂಬುವವರು ಆರೆಗಾನ್ ರಾಜ್ಯದಲ್ಲಿ ಒಂದು ಬಕೆಟ್ ಬಚ್ಚಿಟ್ಟರು. ಆಟ ಹುಟ್ಟಿದ್ದು ಹಾಗೆ.

ಪಾರ್ಕಿನ ಈ ಭಾಗದಲ್ಲೇ ಆನ್‌ಜ್ಯಾಕ್ (ಆಸ್ಟ್ರೇಲಿಯಾ-ನ್ಯೂಜಿಲೆಂಡ್ ಸೇನಾದಳ) ಹೆಸರಿನ ಯುದ್ಧ ಸ್ಮಾರಕವಿದೆ. ಅದರ ಕಲ್ಲುಗಳ ಸಂದಿಯಲ್ಲಿ ಯಾರಾದರೂ ಬೆರಳು ತೂರಿಸುತ್ತ ಕೂತರೆ ನೋಡುವವರಿಗೂ ಸಂಕಟ, ಸತ್ತವರಿಗೂ ಅವಮಾನ. ಅದಕ್ಕೇ ಇಂಥ ಕಡೆ ಒಳ್ಳೆಯ ಆಟಗಾರರು ಡಬ್ಬಿ ಇಡುವುದಿಲ್ಲ, ಪ್ರಶ್ನೆ ಇಡುತ್ತಾರೆ. ಶಿಲ್ಪಗಳನ್ನು ಎಣಿಸಿ, ಬರಹ ಓದಿ, ಸಿಕ್ಕ ಅಂಕಿಗಳಿಂದ ಲೆಕ್ಕ ಕಟ್ಟಿದರೆ ಡಬ್ಬಿಯ ಜಾಗ ಸಿಗುತ್ತದೆ. ಅದು ಸ್ಮಾರಕದಿಂದ ದೂರ. ನನಗೆ ಸಿಕ್ಕ ಪ್ರಶ್ನೆಗಳನ್ನು ಇಲ್ಲಿ ಬರೆಯುವುದಿಲ್ಲ, ಮುಂದೆ ಬರುವವರ ಆಟ ಕೆಡುತ್ತದೆ. ಎಣಿಸುತ್ತ ಕಂಡದ್ದನ್ನು ಹೇಳಬಲ್ಲೆ.

ಆನ್‌ಜ್ಯಾಕ್ ಸ್ಮಾರಕ ತೆರೆದದ್ದು 1934ರಲ್ಲಿ. ಕಟ್ಟಡದ ವಿನ್ಯಾಸ ಬ್ರೂಸ್ ಡೆಲ್ಲಿಟ್ ಅವರದು, ಶಿಲ್ಪ ರೇನರ್ ಹಾಫ್ ಅವರದು. ಹೊರಗೋಡೆಯ ಮೇಲೆ ಕೂತ ಹದಿನಾರು ಮೂರ್ತಿಗಳು, ಮೂಲೆಗಳಲ್ಲಿ ನಿಂತ ನಾಲ್ಕು. ಒಳಗೆ ಗುಮ್ಮಟ ತುಂಬ ಚಿನ್ನದ ಬಣ್ಣದ 1,20,000 ನಕ್ಷತ್ರಗಳು, ಮೊದಲ ಮಹಾಯುದ್ಧಕ್ಕೆ ನ್ಯೂ ಸೌತ್ ವೇಲ್ಸ್‌ನಿಂದ ಹೋದವರ ನೆನಪಿಗೆ. ನೆಲದ ನಡುವೆ ದುಂಡನೆಯ ತೆರಪು. ಕಟಕಟೆ ಹಿಡಿದು ಕೆಳಗೆ ನೋಡಿದರೆ ಗುರಾಣಿ, ಖಡ್ಗದ ಮೇಲೆ ಚಾಚಿಕೊಂಡ ಬೆತ್ತಲೆ ಯುವಕನ ಕಂಚಿನ ದೇಹ. ಅದನ್ನು ಹೊತ್ತವರು ತಾಯಿ, ಸೋದರಿ, ಹೆಂಡತಿ, ಜೊತೆಗೊಂದು ಹಸುಗೂಸು. ಅದನ್ನು ನೋಡಬೇಕೆಂದರೆ ಯಾರೇ ಆಗಲಿ ತಲೆ ಬಗ್ಗಿಸಲೇಬೇಕು. ಕಟ್ಟಿದವರು ಎಷ್ಟು ಯೋಚಿಸಿದ್ದಾರೆ!

2018ರಲ್ಲಿ ನೆಲದಡಿ ಸೇರಿಸಿದ ಸಭಾಂಗಣದಲ್ಲಿ ನಾನು ಲೆಕ್ಕ ಮರೆತು ನಿಂತೆ. ಸೈನ್ಯ ಸೇರುವಾಗ ಜನ ತಮ್ಮ ಊರೆಂದು ಬರೆಸಿದ 1,701 ಜಾಗಗಳಿಂದ ಮಣ್ಣು ತಂದು ಗೋಡೆಗಳಲ್ಲಿ ಜೋಡಿಸಿದ್ದಾರೆ. ಕೆಲವು ಇಟ್ಟಿಗೆಗೆಂಪು, ಕೆಲವು ಬೂದಿ, ಕೆಲವು ಎರೆಮಣ್ಣಿನ ಕಪ್ಪು. ಪ್ರತಿಯೊಂದರ ಜೊತೆ ಊರಿನ ಹೆಸರು.

ಹೊರಗೆ ಅದೇ ಪಾರ್ಕಿನಲ್ಲಿ ಟೋನಿ ಆಲ್ಬರ್ಟ್ ಅವರ 2015ರ ಶಿಲ್ಪವಿದೆ: ಆಳೆತ್ತರವನ್ನೂ ಮೀರಿ ನಿಂತ ನಾಲ್ಕು ಗುಂಡುಗಳು, ನೆಲಕ್ಕೊರಗಿದ ಮೂರು ಖಾಲಿ ತೋಟಾಗಳು. ಉಳಿದು ಬಂದವರು, ಬಿದ್ದವರು. ಈ ನೆಲದ ಮೂಲನಿವಾಸಿ ಸೈನಿಕರಿಗೆ ಪಾರ್ಕಿನಲ್ಲಿ ಇಂಥ ಗುರುತು ಸಿಗಲು ಇಷ್ಟು ಕಾಲ ಹಿಡಿಯಬಾರದಿತ್ತು.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಎಳೆಯೂ ಇದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ನಗರವನ್ನು ಗೆದ್ದ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆಪಡೆ ಇದ್ದ ಅಶ್ವದಳದ ದಂಡನಾಯಕ ಹ್ಯಾರಿ ಶೋವೆಲ್, ಇದೇ ನ್ಯೂ ಸೌತ್ ವೇಲ್ಸ್‌ನಲ್ಲಿ ಹುಟ್ಟಿದವರು. ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ಅಲ್ಲಿನ ಬರಹ ಓದಿಸುವಂಥ ಪ್ರಶ್ನೆಗಳನ್ನು ನಮ್ಮ ಹುಡುಗರೂ ಕಟ್ಟಬೇಕೆಂದು ನನ್ನಾಸೆ.

ಡಬ್ಬಿ ಸುಲಭಕ್ಕೆ ಸಿಗಲಿಲ್ಲ. ಉಪಗ್ರಹದ ಸಂಕೇತ ಸುತ್ತಲಿನ ಎತ್ತರದ ಕಟ್ಟಡಗಳಿಗೆ ಬಡಿದು ಬರುವುದರಿಂದ ಫೋನಿನ ಬಾಣ ರಸ್ತೆಯ ಆಚೆಗೂ ಈಚೆಗೂ ಕುಣಿಯುತ್ತಿತ್ತು. ಕೊನೆಗೆ ಕೈಗೆ ಬಂದದ್ದು ಬೆರಳ ತುದಿಯಷ್ಟೇ ಇರುವ, ಅಯಸ್ಕಾಂತ ಅಂಟಿಸಿದ ಡಬ್ಬಿ. ಒಳಗೆ ಬೀಡಿಯಂತೆ ಬಿಗಿಯಾಗಿ ಸುತ್ತಿದ ಕಾಗದದ ಪಟ್ಟಿ. ತಾರೀಖು ಹಾಕಿ, ಸಹಿ ಮಾಡಿ, ಇದ್ದಲ್ಲೇ ಇಟ್ಟೆ. ಪೆನ್ನು ಮಾತ್ರ ನಾವೇ ಒಯ್ಯಬೇಕು, ಅಷ್ಟು ಚಿಕ್ಕ ಡಬ್ಬಿಯಲ್ಲಿ ಅದು ಹಿಡಿಸುವುದಿಲ್ಲ.

ಸ್ಮಾರಕದ ಬಾಗಿಲು ಬೆಳಗ್ಗೆ 9ರಿಂದ ಸಂಜೆ 5ರವರೆಗೆ ತೆರೆದಿರುತ್ತದೆ, ಪ್ರವೇಶ ಉಚಿತ. ಡಬ್ಬಿಯನ್ನು ಆಮೇಲೂ ಹುಡುಕಬಹುದು; ಮೊದಲು ಒಳಗೆ ಹೋಗಿ ಬನ್ನಿ.