ದೊಡ್ಡಮ್ಮನ ಹಾಡು, ಲ್ಯಾಪ್‌ಟಾಪಿನ ಕಿವಿ

ಕಳೆದ ಬೇಸಿಗೆಯಲ್ಲಿ ನಮ್ಮ ದೊಡ್ಡಮ್ಮನಿಂದ ಒಂದು ಆರತಿ ಹಾಡು ಹೇಳಿಸಿ ಲ್ಯಾಪ್‌ಟಾಪಿನಲ್ಲಿ ಮುದ್ರಿಸಿಕೊಂಡೆವು. ಪಕ್ಕದಲ್ಲೇ ಶ್ರುತಿಪೆಟ್ಟಿಗೆ ಇತ್ತು. ಆಮೇಲೆ ಹಾಕಿ ಕೇಳಿದರೆ, ಮೊದಲ ಕೆಲವು ಕ್ಷಣ ಸ್ಪಷ್ಟವಾಗಿದ್ದ ಶ್ರುತಿ ಮೆಲ್ಲಗೆ ಕರಗಿಹೋಗಿ, ಹಾಡಿನ ನಡುನಡುವೆ ಮಾತ್ರ ಮುಳುಗುತ್ತ ತೇಲುತ್ತ ಇಣುಕುತ್ತಿತ್ತು. ‘ಶ್ರುತಿ ಎಲ್ಲಿಗೆ ಹೋಯಿತೋ?’ ಎಂದು ದೊಡ್ಡಮ್ಮ ಕೇಳಿದರು. ಯಂತ್ರವೇನೂ ಕೆಟ್ಟಿರಲಿಲ್ಲ. ತನಗೆ ವಹಿಸಿದ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತ್ತು. ಆದರೆ ಆ ಕೆಲಸ ಯಾವುದು?

ಧ್ವನಿಮುದ್ರಣದ ಯಂತ್ರ ಹಾಡುವವರಿಗೆ ಷರತ್ತು ಹಾಕುವುದು ಹೊಸತಲ್ಲ. 1902ರ ನವೆಂಬರಿನಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಬಂದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದಾಗ, ಈ ಕೆಲಸಕ್ಕೆ ಮೈಕಿನ ಬಳಕೆ ಇನ್ನೂ ಬಂದಿರಲಿಲ್ಲ. ದೊಡ್ಡ ಕೊಳವೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು; ದನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯಬೇಕು. ಗಂಟೆಗಟ್ಟಲೆ ಬೆಳೆಸಬಹುದಾದ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಇಳಿಸಬೇಕು. ಗೌಹರ್ ಜಾನ್ ಈ ಷರತ್ತುಗಳನ್ನು ಅರಿತು ಹಾಡಿದರು. ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನೂ ಹೇಳಿದರು. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಹಾಡಿದವರು ಯಾರೆಂದು ಅಲ್ಲಿನವರಿಗೆ ತಿಳಿಯಬೇಕಿತ್ತು. ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದ ಗೌಹರ್ ಜಾನ್ 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ದನಿಯೂ ಹೆಸರೂ ಉಳಿದವು.

1925ರ ಹೊತ್ತಿಗೆ ಧ್ವನಿಮುದ್ರಣಕ್ಕೆ ವಿದ್ಯುತ್ ಮೈಕು ಬಂದು, ಕೂಗಿ ಹಾಡುವ ಕಷ್ಟ ತಪ್ಪಿತು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗೆರ್‌ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ ರೂಪಿಸಿದ ಎಲೆಕ್ಟ್ರೆಟ್ ಮೈಕು ಪುಟ್ಟದೂ ಅಗ್ಗದ್ದೂ ಆಗಿತ್ತು. ಮುಂದೆ ಕ್ಯಾಸೆಟ್ ರೆಕಾರ್ಡರಿನ ಮೂಲೆಯಲ್ಲಿ ಕುಳಿತು ಮಗುವಿನ ತೊದಲು, ತಾತನ ಕಂದಪದ್ಯ, ಮದುವೆ ಮನೆಯ ಹಾಡುಗಳನ್ನು ಹಿಡಿದಿಟ್ಟದ್ದು ಇದೇ ಬಗೆಯ ಮೈಕು. ಇಂದಿನ ಲ್ಯಾಪ್‌ಟಾಪುಗಳಲ್ಲಿ ಹೆಚ್ಚಾಗಿ ಇರುವುದು ಇನ್ನೂ ಚಿಕ್ಕದು: ಸಿಲಿಕಾನಿನಲ್ಲಿ ಕೆತ್ತಿದ, ಬೇಳೆಕಾಳಿನಷ್ಟು ಗಾತ್ರದ ಮೈಕು.

ಈ ಪುಟ್ಟ ಕಿವಿ ಕೆಟ್ಟದ್ದಲ್ಲ. ತೊಡಕಿರುವುದು ಅದರ ಹಿಂದಿನ ಬುದ್ಧಿಯಲ್ಲಿ. ಲ್ಯಾಪ್‌ಟಾಪಿಗೆ ಮೈಕು ಇಟ್ಟದ್ದು ದೂರದವರೊಡನೆ ಮಾತಾಡಲು, ಹಾಡಲು ಅಲ್ಲ. ಮಾತು ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫ್ಯಾನಿನ ಸದ್ದು ಒಂದೇ ಸಮನೆ ಇರುತ್ತದೆ. ಆದ್ದರಿಂದ ಒಂದೇ ಸಮನೆ ಇರುವುದೆಲ್ಲ ಗದ್ದಲ, ಅದನ್ನು ಅಳಿಸು ಎಂದು ಯಂತ್ರಕ್ಕೆ ಕಲಿಸಿದ್ದಾರೆ. ಈ ಲೆಕ್ಕದಲ್ಲಿ ಫ್ಯಾನೂ ಒಂದೇ, ತಂಬೂರಿಯೂ ಒಂದೇ. ಯಾವುದು ಕದಲದೆ ನಿಂತು ಇಡೀ ಹಾಡಿಗೆ ಆಧಾರವಾಗಿದೆಯೋ, ಯಂತ್ರಕ್ಕೆ ಅದೇ ಕಸ!

ಇನ್ನೂ ಎರಡು ಅಭ್ಯಾಸಗಳಿವೆ. ದನಿ ತಗ್ಗಿದರೆ ಯಂತ್ರ ತಾನಾಗಿ ಏರಿಸುತ್ತದೆ, ಏರಿದರೆ ತಗ್ಗಿಸುತ್ತದೆ. ಮಾತಿಗೆ ಇದು ಅನುಕೂಲ. ಹಾಡಿನಲ್ಲಾದರೋ ಮೆಲುದನಿಗೂ ತುಂಬುದನಿಗೂ ಇರುವ ಅಂತರ ಸವೆದುಹೋಗುತ್ತದೆ. ಹಾಡುವವರು ಉಸಿರು ತೆಗೆದುಕೊಳ್ಳುವ ಬಿಡುವಿನಲ್ಲಿ ಬೀದಿಯ ಸದ್ದು ಎದ್ದು ಕೇಳುತ್ತದೆ. ಎರಡು ಮೂರು ಮೈಕುಗಳಿರುವ ಲ್ಯಾಪ್‌ಟಾಪುಗಳು ಪರದೆಯ ಎದುರು ಕುಳಿತವರ ದನಿಯನ್ನು ಆರಿಸಿಕೊಂಡು ಅಕ್ಕಪಕ್ಕದವರದನ್ನು ತಗ್ಗಿಸುವುದೂ ಉಂಟು. ಒಬ್ಬರು ಹೇಳಿ ಉಳಿದವರು ದನಿಗೂಡಿಸುವ ಸೋಬಾನೆಯಲ್ಲಿ ಆಗ ಉಳಿಯುವುದು ಒಬ್ಬರೇ. ಮುದ್ರಣದ ಹೊತ್ತಿನಲ್ಲೇ ಹೀಗೆ ಅಳಿದದ್ದನ್ನು ಆಮೇಲೆ ಯಾವ ಉಪಾಯದಿಂದಲೂ ಇದ್ದ ಹಾಗೆ ಮರಳಿ ತರಲಾಗದು. ಎಂಬತ್ತು ದಾಟಿದವರ ಹಾಡಿಗೆ ಎರಡನೆಯ ಅವಕಾಶ ಸಿಕ್ಕೇ ಸಿಗುತ್ತದೆ ಎನ್ನುವಂತಿಲ್ಲ.

ಹಾಗೆಂದು ದುಬಾರಿ ಉಪಕರಣ ಕೊಳ್ಳಬೇಕಾಗಿಲ್ಲ. ಮೊದಲು ಲ್ಯಾಪ್‌ಟಾಪಿನ ಧ್ವನಿ ಸೆಟ್ಟಿಂಗಿನಲ್ಲಿ ಗದ್ದಲ ಅಳಿಸುವ, ದನಿಯನ್ನು ತಾನಾಗಿ ಏರಿಳಿಸುವ ಸೌಲಭ್ಯಗಳಿದ್ದರೆ ಅವನ್ನು ಆರಿಸಿ. ವಿಡಿಯೋ ಕರೆಯ ಮೂಲಕ ಹಾಡನ್ನು ಮುದ್ರಿಸಬೇಡಿ. ಮುದ್ರಣಕ್ಕೆಂದೇ ಇರುವ ತಂತ್ರಾಂಶ ಬಳಸಿ. ಸೂಜಿಮೊನೆಯಷ್ಟು ತೂತಾಗಿ ಕಾಣುವ ಮೈಕು ಕ್ಯಾಮೆರಾದ ಬಳಿ ಇದೆಯೋ, ಕೀಲಿಮಣೆಯ ಬಳಿ ಇದೆಯೋ ಹುಡುಕಿಕೊಳ್ಳಿ. ಹಾಡುವವರು ಅದಕ್ಕೆ ಒಂದೂವರೆ ಅಡಿ ದೂರದಲ್ಲಿರಲಿ. ದೂರ ಇಮ್ಮಡಿಯಾದರೆ ನೇರವಾಗಿ ಬರುವ ದನಿಯ ತೀವ್ರತೆ ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಗೆ ಬಡಿದು ಬರುವ ಮಾರ್ದನಿ ಮಾತ್ರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ದೂರ ಕುಳಿತ ಹಾಡು ಬಾವಿಯೊಳಗಿನಿಂದ ಬಂದಂತೆ ಕೇಳುವುದು ಇದರಿಂದಲೇ. ಬರಿಗೋಡೆಯ ನಡುಮನೆಗಿಂತ ಹಾಸಿಗೆ, ಪರದೆ, ರಜಾಯಿಗಳಿರುವ ಮಲಗುವ ಕೋಣೆ ಲೇಸು. ಲ್ಯಾಪ್‌ಟಾಪಿನ ಕೆಳಗೆ ಮಡಿಸಿದ ಟವೆಲ್ ಹಾಸಿ, ಆದರೆ ಗಾಳಿಯ ಕಿಂಡಿ ಮುಚ್ಚದಿರಲಿ. ಉಳಿದ ತಂತ್ರಾಂಶಗಳನ್ನು ಮುಚ್ಚಿದರೆ ಅದರೊಳಗಿನ ಫ್ಯಾನ್ ತಣ್ಣಗಿರುತ್ತದೆ. ಹಾಡಿನ ಅತಿ ಎತ್ತರದ ಸಾಲನ್ನು ಒಮ್ಮೆ ಹೇಳಿಸಿ, ಅಳತೆಪಟ್ಟಿ ಕೆಂಪಿಗೆ ಹೋಗದಂತೆ ಮೈಕಿನ ಮಟ್ಟ ಹೊಂದಿಸಿ.

ಮುದ್ರಿಸಿದ್ದನ್ನು ಕುಗ್ಗಿಸದೆ ವೇವ್ ಕಡತವಾಗಿಯೇ ಇಡಿ. ಒಂದೇ ಮೈಕಿನ ಮುದ್ರಣ ಸಿ.ಡಿ.ಯ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 5 ಎಂ.ಬಿ. ಹಿಡಿಯುತ್ತದೆ, ಇಂದಿನ ಲೆಕ್ಕಕ್ಕೆ ಅದು ಏನೂ ಅಲ್ಲ. ಪ್ರತಿಯನ್ನು ಎರಡು ಕಡೆ ಕಾಪಾಡಿ.

ಇಷ್ಟು ಮಾಡಿ ನಾವು ಅದೇ ಹಾಡನ್ನು ಮತ್ತೆ ಮುದ್ರಿಸಿದೆವು. ಈ ಸಲ ಶ್ರುತಿ ಉಳಿಯಿತು. ಜತೆಗೆ ಒಂದು ಕುಕ್ಕರಿನ ಸೀಟಿಯೂ ಉಳಿಯಿತು. ಇರಲಿ, ಅದು ಮನೆಯ ಹಾಡು. ಹಾಡು ಮುಗಿದ ಮೇಲೆ ಗೌಹರ್ ಜಾನ್ ಮಾಡಿದಂತೆ ಹೆಸರು ಹೇಳಿ ಎಂದು ಕೇಳಿಕೊಂಡೆವು. ದೊಡ್ಡಮ್ಮ ಮೊದಲು ನಕ್ಕರು. ಆಮೇಲೆ ತಮ್ಮ ಹೆಸರು, ತವರೂರು ಹೇಳಿ, ಈ ಹಾಡನ್ನು ಕಲಿಸಿದ ತಮ್ಮ ಅತ್ತೆಯ ಹೆಸರನ್ನೂ ಹೇಳಿದರು. ಆ ಅತ್ತೆಯ ದನಿಯನ್ನು ಕೇಳಿ ಬಲ್ಲವರು ನಮ್ಮ ಮನೆಯಲ್ಲಿ ಈಗ ಅವರೊಬ್ಬರೇ.