ಬಿಸಿಲೊಲೆಗೆ ತಗಲುವ ಖರ್ಚು

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ರೈತ ಬಾಂಧವರಿಗೆ ಬಿಸಿಲಿನ ಬಲವನ್ನು ಹೇಳಿಕೊಡಬೇಕಾಗಿಲ್ಲ. ಬಿಸಿಲಿಗೆ ಬೆಲೆಯಿಲ್ಲ. ಆದರೆ ಅದನ್ನು ಒಂದೆಡೆ ಕೂಡಿಸಿ ಪಾತ್ರೆಗೆ ತಾಗಿಸುವ ಯಂತ್ರಕ್ಕೆ ಬೆಲೆಯುಂಟು. ಆ ಹಣ ಎಲ್ಲಿ ಹೋಗುತ್ತದೆಂದು ಅರಿಯದೆ ಕೈಹಾಕುವುದು ಸಲ್ಲದು.

ದೊಡ್ಡ ಅಡುಗೆಮನೆಗಳಿಗಾಗಿ ವೋಲ್ಫ್‌ಗಾಂಗ್ ಶೆಫ್ಲರ್ ಎಂಬವರು 1980ರ ದಶಕದಲ್ಲಿ ಒಂದು ಕನ್ನಡಿತಟ್ಟೆಯನ್ನು ರೂಪಿಸಿದರು. ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿಯೇ ಇದು ತಯಾರಾಗಬೇಕೆಂಬುದು ಅವರ ಉದ್ದೇಶ. ಕಬ್ಬಿಣದ ಕೊಳವೆ, ಸರಳು, ಕನ್ನಡಿ ತುಂಡು, ಬಣ್ಣ, ಬುನಾದಿಗೆ ಸಿಮೆಂಟು, ಇವೇ ಮುಖ್ಯ ಸಾಮಗ್ರಿಗಳು. ಎಲ್ಲವೂ ಪೇಟೆಯಲ್ಲಿ ದೊರೆಯುತ್ತವೆ. ಗಾಳಿಗೆ ಅಲುಗದಿರಲು ಕಬ್ಬಿಣದಲ್ಲಿ ಜಿಪುಣತನ ಮಾಡಬಾರದು.

ಕೂಲಿಯ ಲೆಕ್ಕ ಬೇರೆ. ಸರಳುಗಳನ್ನು ಅಳತೆಗೆ ಸರಿಯಾಗಿ ಬಾಗಿಸಬೇಕು. ಕನ್ನಡಿ ತುಂಡುಗಳನ್ನು ಒಂದೊಂದಾಗಿ ಕೂಡಿಸಬೇಕು. ತುಸು ಓರೆಯಾದರೂ ಬೆಳಕು ಪಾತ್ರೆಯನ್ನು ತಪ್ಪುತ್ತದೆ. ಕಿಟಕಿ, ಬಾಗಿಲು ಮಾಡಿ ಪಳಗಿದವನಿಗೂ ಈ ಕೆಲಸ ಮೊದಲ ಸಲಕ್ಕೆ ಕೈಗೂಡದು. ಒಂದೇ ತಟ್ಟೆಗೆ ಅಚ್ಚು ಕಟ್ಟಿದರೆ ಅಚ್ಚಿನ ಖರ್ಚೆಲ್ಲ ಅದರ ಮೇಲೆಯೇ ಬೀಳುತ್ತದೆ. ಹತ್ತು ಮಾಡಿದರೆ ಹತ್ತಕ್ಕೂ ಹಂಚಿಹೋಗುತ್ತದೆ.

ನಮ್ಮದೇ ರಾಜ್ಯದ ಶಿರಡಿಯನ್ನು ನೋಡಿರಿ. 2009ರಲ್ಲಿ ಅಲ್ಲಿನ ಪ್ರಸಾದಾಲಯದಲ್ಲಿ ತಲಾ 16 ಚದರ ಮೀಟರಿನ 73 ತಟ್ಟೆಗಳನ್ನು ನಿಲ್ಲಿಸಲಾಯಿತು. ಒಟ್ಟು ಖರ್ಚು 1 ಕೋಟಿ 33 ಲಕ್ಷ ರೂಪಾಯಿ; ಅದರಲ್ಲಿ 58 ಲಕ್ಷ 40 ಸಾವಿರ ಕೇಂದ್ರ ಸರಕಾರದ ಸಹಾಯಧನ. ಎಲ್ಲ ಸೇರಿ ತಟ್ಟೆಗೆ ಸುಮಾರು 1 ಲಕ್ಷ 82 ಸಾವಿರ ಬಿದ್ದಂತಾಯಿತು. ವರ್ಷಕ್ಕೆ 1 ಲಕ್ಷ ಕಿಲೋ ಅನಿಲ ಉಳಿಯುವುದೆಂದು ಅಂದಾಜು ಮಾಡಲಾಗಿತ್ತು. ಕಿಲೋಗೆ 40 ರೂಪಾಯಿ ಹಿಡಿದರೂ ವರ್ಷಕ್ಕೆ 40 ಲಕ್ಷದ ಉಳಿತಾಯ. ಸಹಾಯಧನವಿಲ್ಲದಿದ್ದರೂ ಮೂರೂವರೆ ವರ್ಷದೊಳಗೆ ಬಂಡವಾಳ ಮರಳುವ ಲೆಕ್ಕ.

ಆದರೆ ಅಲ್ಲಿ ದಿನವೂ ಸಾವಿರಾರು ಜನರ ಊಟ. ಒಂದು ಕುಟುಂಬಕ್ಕೆ ಈ ಲೆಕ್ಕ ಹೊಂದದು. ಒಳ್ಳೆಯ ಬಿಸಿಲಿನಲ್ಲಿ 8 ಚದರ ಮೀಟರಿನ ತಟ್ಟೆ ತಾಸಿಗೆ 22 ಲೀಟರು ತಣ್ಣೀರನ್ನು ಕುದಿಸಬಲ್ಲುದು. ಅಷ್ಟು ಶಾಖವನ್ನು ದಿನವಿಡೀ ಬಳಸುವ ಮನೆ ಎಷ್ಟು?

ತಯಾರಾದ ಮೇಲೂ ದುಡಿಮೆ ತಪ್ಪದು. ಧೂಳು ಒರೆಸಬೇಕು, ತುಕ್ಕು ಕೆರೆದು ಬಣ್ಣ ಬಳಿಯಬೇಕು, ಋತುವಿಗೆ ತಕ್ಕಂತೆ ತಟ್ಟೆಯ ಬಾಗನ್ನು ಹೊಂದಿಸಬೇಕು. ಮೋಡದ ದಿನಕ್ಕೆ ಹಳೆಯ ಒಲೆಯೂ ಇರಲೇಬೇಕು.

ಆದುದರಿಂದ ವಸತಿಗೃಹ, ಮಠ, ಸಹಕಾರಿ ಸಂಘಗಳು ಮೊದಲು ತಮ್ಮ ವರ್ಷದ ಇಂಧನದ ಖರ್ಚನ್ನು ಬರೆದಿಡಲಿ. ಬಳಿಕ ಸಾಮಗ್ರಿ, ಕೂಲಿ, ದುರಸ್ತಿ ಮೂರನ್ನೂ ಬೇರೆಬೇರೆಯಾಗಿ ಕೇಳಲಿ. ಒಟ್ಟು ಮೊತ್ತವನ್ನಷ್ಟೇ ಹೇಳುವವನಿಗೆ ಮುಂಗಡ ಕೊಡಬಾರದು.